ಹುಕ್ಕಿನ ದಿನ

ಟೇಪು ಸೊಂಟಕ್ಕೆ ಸುತ್ತುವ ಮೊದಲೇ ಹುಡುಗಿ ಹೊಟ್ಟೆಯನ್ನು ಒಳಗೆಳೆದುಕೊಂಡು ನಿಂತುಬಿಟ್ಟಳು.

"ಉಸಿರು ಬಿಡೇ," ಎಂದಳು ಟೈಲರಮ್ಮ.

"ಬಿಟ್ಟಿದೀನಿ ಆಂಟಿ."

"ಬಿಟ್ಟಿದಾಳಂತೆ! ಹೊಟ್ಟೆ ಹೋಗಿ ಬೆನ್ನಿಗೆ ಅಂಟ್ಕೊಂಡಿದೆ. ಮಾಮೂಲಾಗಿ ನಿಂತ್ಕೊ ನೋಡೋಣ."

ಜಿಮ್ನಾಸ್ಟಿಕ್ಸ್ ಕ್ಲಬ್ಬಿನ ಸಾಮಾನಿನ ಕೋಣೆ ಅದು. ಗೋಡೆಗೆ ಒರಗಿಸಿದ ಹರಿದ ಮ್ಯಾಟುಗಳು, ಕೈಗೆ ಹಚ್ಚಿಕೊಳ್ಳುವ ಬಿಳಿ ಪುಡಿಯ ಡಬ್ಬ, ಮುರಿದ ಸ್ಪ್ರಿಂಗ್ ಹಲಗೆ. ಇವುಗಳ ನಡುವೆ ಒಂದು ಸ್ಟೂಲು ಹಾಕಿಕೊಂಡು ಟೈಲರಮ್ಮ ವರ್ಷಕ್ಕೊಮ್ಮೆ ದೊಡ್ಡ ಸ್ಪರ್ಧೆಗೆ ಮೊದಲು ತಂಡದ ಹನ್ನೊಂದು ಹೆಣ್ಣುಮಕ್ಕಳ ಅಳತೆ ತೆಗೆದುಕೊಳ್ಳುತ್ತಿದ್ದಳು. ಹನ್ನೊಂದರಲ್ಲಿ ಒಬ್ಬಳು ಅವಳ ಮಗಳೇ. ಈಗ ಎದುರಿಗೆ ನಿಂತವಳು ಮಗಳ ಜೀವದ ಗೆಳತಿ, ದೊಡ್ಡಾಸ್ಪತ್ರೆಯ ನರ್ಸಮ್ಮನ ಒಬ್ಬಳೇ ಕೂಸು. ಬಾಯಿ ಮುಚ್ಚುವುದೇ ಗೊತ್ತಿಲ್ಲದ ಹುಡುಗಿಯೆಂದು ಇಡೀ ಕ್ಲಬ್ಬು ಅವಳನ್ನು ರೇಡಿಯೊ ಎಂದೇ ಕರೆಯುತ್ತಿತ್ತು. ಬಾರಿನ ಮೇಲೆ ತಲೆಕೆಳಗಾಗಿ ನೇತಾಡುವಾಗಲೂ ಪಕ್ಕದವಳಿಗೆ ಶಾಲೆಯ ಕತೆ ಹೇಳುತ್ತಿದ್ದ ಹುಡುಗಿ. ಅಂಥ ರೇಡಿಯೊ ಇವತ್ತು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಸುಮ್ಮನೆ ನೆಲ ನೋಡುತ್ತಿತ್ತು.

ಟೇಪು ಇಪ್ಪತ್ತೊಂದೂವರೆ ತೋರಿಸಿತು. ಟೈಲರಮ್ಮ ನಂಬದೆ ಇನ್ನೊಂದು ಸಲ ಸುತ್ತಿದಳು. ಇಪ್ಪತ್ತೊಂದೂವರೆಯೇ. ಅಳತೆ ಪುಸ್ತಕದ ಹಳೆಯ ಪುಟ ತಿರುವಿ ನೋಡಿದರೆ, ಹೋದ ವರ್ಷ ಇದೇ ಸೊಂಟ ಇಪ್ಪತ್ತಮೂರು! ಹುಡುಗಿ ಎರಡು ಇಂಚು ಎತ್ತರವಾಗಿದ್ದಾಳೆ, ಸೊಂಟ ಒಂದೂವರೆ ಇಂಚು ಕರಗಿದೆ. ಇಪ್ಪತ್ತು ವರ್ಷದಿಂದ ಕತ್ತರಿ ಹಿಡಿದ ಕೈ ಅವಳದು. ಬೆಳೆಯುವ ಮಕ್ಕಳ ಅಳತೆ ಮೇಲಕ್ಕೆ ಹೋಗುತ್ತದೆ. ಶಾಲೆಯ ಯೂನಿಫಾರಮ್ಮಿಗೆ ಒಳಗೆ ಎರಡು ಇಂಚು ಬಟ್ಟೆ ಬಿಟ್ಟು ಹೊಲಿಯುವುದು ಮತ್ಯಾಕೆ? ಇಳಿದ ಅಳತೆಯನ್ನು ಅವಳು ನೋಡಿದ್ದು ಹಾಸಿಗೆ ಹಿಡಿದು ಎದ್ದವರ ಬಟ್ಟೆಯಲ್ಲಿ ಮಾತ್ರ.

"ಜಾಸ್ತಿ ಬಂತಾ ಆಂಟಿ?" ರೇಡಿಯೊ ಕೇಳಿದಳು. ಕಣ್ಣಲ್ಲಿ ನೀರು ತುಂಬಿತ್ತು.

ಹನ್ನೊಂದು ವರ್ಷದ ಮಗು ಈ ಪ್ರಶ್ನೆ ಯಾಕೆ ಕೇಳಬೇಕು ಎನ್ನುವುದಕ್ಕೆ ಹುಕ್ಕಿನ ದಿನದ ವಿಷಯ ಹೇಳಲೇಬೇಕು. ಹೇಳುವಾಗ ಮೈ ಉರಿಯುತ್ತದೆ, ಉರಿಯಲಿ.

ಆಟದ ಉಡುಪು ಹಿಗ್ಗುವ ಬಟ್ಟೆಯದು, ಮೈಗೆ ಅಂಟಿಕೊಂಡಿರುತ್ತದೆ. ಮಗು ಹೇಗೆ ಬಾಗಿದರೂ ಬಟ್ಟೆಯೂ ಬಾಗುತ್ತದೆ. ನಾಲ್ಕು ವರ್ಷದ ಹಿಂದೆ ಕೋಚ್ ಮೇಡಂಗೆ ಏನು ಹೊಳೆಯಿತೋ, ಉಡುಪಿನ ಸೊಂಟಕ್ಕೆ ಒಂದು ಬೆಳ್ಳಿ ಬಣ್ಣದ ಪಟ್ಟಿ ಬೇಕು ಎಂದರು. ಹಿಗ್ಗದ ಪಟ್ಟಿ. ಬೆನ್ನ ಹಿಂದೆ ಒಂದು ಹುಕ್ಕು. "ಮೇಡಂ, ಹಿಗ್ಗದ ಪಟ್ಟಿ ಹಾಕಿದ್ರೆ ಮಕ್ಕಳು ಹೇಗೆ ಬಗ್ಗುತ್ವೆ?" ಎಂದು ಟೈಲರಮ್ಮ ಕೇಳಿದ್ದಕ್ಕೆ, "ನಿಮಗೆ ಹೊಲಿಗೆ ಗೊತ್ತು, ನನಗೆ ಆಟ ಗೊತ್ತು. ಅಳತೆಗಿಂತ ಒಂದೂವರೆ ಇಂಚು ಕಡಿಮೆ ಹೊಲೀರಿ. ಆರು ವಾರ ಟೈಮಿದೆ. ಪಟ್ಟಿ ಮೈಗೆ ಬರೋದು ಬೇಡ, ಮೈಯೇ ಪಟ್ಟಿಗೆ ಬರ್ಲಿ," ಎಂಬ ಉತ್ತರ ಬಂತು. ಅಲ್ಲಿಗೆ ಮಾತು ಮುಗಿಯಿತು.

ಸ್ಪರ್ಧೆಗೆ ಹದಿನಾಲ್ಕು ದಿನ ಇರುವಾಗ ಒಂದು ಸಂಜೆ ಹನ್ನೊಂದು ಮಕ್ಕಳೂ ಸಾಲಾಗಿ ನಿಲ್ಲಬೇಕು. ಮೇಲೆ ಗ್ಯಾಲರಿಯಲ್ಲಿ ಹೆತ್ತವರು. ಮೇಡಂ ಒಬ್ಬೊಬ್ಬರ ಹಿಂದೆ ನಿಂತು ಪಟ್ಟಿ ಎಳೆದು ಹುಕ್ಕು ಹಾಕುತ್ತಾರೆ. ಹುಕ್ಕು ಕೂತವಳು ತಂಡದಲ್ಲಿ. ಕೂರದವಳು ಟ್ರ್ಯಾಕ್‌ಸೂಟು ತೊಟ್ಟು, ಸ್ಪರ್ಧೆಯ ದಿನ ಮಿಕ್ಕವರ ನೀರಿನ ಬಾಟಲಿ ಹಿಡಿದುಕೊಂಡು ಕೂರಬೇಕು. ವರ್ಷಪೂರ್ತಿ ಅಂಗೈ ಅಗಲದ ಬೀಮಿನ ಮೇಲೆ ಬಿದ್ದು ಎದ್ದು ಕಲಿತದ್ದೆಲ್ಲ ಒಂದು ಹುಕ್ಕಿನ ಪಾಲು! ಇನ್ನು ಗ್ಯಾಲರಿಯಲ್ಲಿ ಕೂತ ಹೆತ್ತವರು ಎದ್ದು ಜಗಳಕ್ಕೆ ನಿಲ್ಲುತ್ತಿದ್ದರೋ? ಎಲ್ಲಿ ಬಂತು! ಹುಕ್ಕು ಕೂತಾಗಲೆಲ್ಲ ಚಪ್ಪಾಳೆ ತಟ್ಟಿ ಫೋಟೊ ತೆಗೆಯುತ್ತಿದ್ದರು. ಒಬ್ಬ ಅಪ್ಪ ಆರು ವಾರ ಮನೆಗೆ ಹಾಲು ತರಿಸುವುದನ್ನೇ ನಿಲ್ಲಿಸಿದ್ದ. ಒಬ್ಬ ಅಮ್ಮ ಮಗಳನ್ನು ಐದು ಮಹಡಿ ಮೆಟ್ಟಿಲು ಹತ್ತಿಸಿ ಇಳಿಸಿ, ಅದನ್ನು ಎಲ್ಲರ ಮುಂದೆ ಕೊಚ್ಚಿಕೊಂಡಿದ್ದಳು. ನಮ್ಮ ಮಕ್ಕಳು ಉದ್ಧಾರವಾಗಲಿ ಅಂತಲೇ ಎಲ್ಲ, ಮತ್ತಿನ್ನೇನು.

ಗ್ಯಾಲರಿಯ ಗೋಡೆಗೆ ಗಾಜು ಹಾಕಿಸಿದ ಒಂದು ಬೋರ್ಡಿತ್ತು: 'ಪಾಲಕರ ನಡವಳಿಕೆ.' ಒಟ್ಟು ಒಂಬತ್ತು ನಿಯಮ. ಮಗುವಿಗೆ ಕೂಗಿ ಹೇಳಿಕೊಡಬಾರದು, ಅಭ್ಯಾಸದ ವೇಳೆ ಕೆಳಗೆ ಇಳಿಯಬಾರದು, ಕೋಚ್ ತೀರ್ಮಾನವನ್ನು ಪ್ರಶ್ನಿಸಬಾರದು. ಪ್ರತಿಯೊಬ್ಬರೂ ಮಗುವನ್ನು ಸೇರಿಸಿದ ದಿನವೇ ಅದಕ್ಕೆ ರುಜು ಹಾಕಿದ್ದರು. ಟೈಲರಮ್ಮನೂ ಹಾಕಿದ್ದಳು.

ರುಜು ಹಾಕಿದ್ದು ಹಾಳಾಗಲಿ, ಅದಕ್ಕಿಂತ ದೊಡ್ಡ ತಪ್ಪೊಂದನ್ನು ಅವಳು ಹೋದ ವರ್ಷ ಮಾಡಿದ್ದಳು. ತನ್ನ ಮಗಳ ಪಟ್ಟಿಯಲ್ಲಿ ಹುಕ್ಕು ಸಿಕ್ಕಿಸುವ ದಾರದ ಕುಣಿಕೆಯನ್ನು ಒಂದೂವರೆ ಇಂಚು ಈಚೆಗೆ ಸರಿಸಿ ಹೊಲಿದಿದ್ದಳು. ಮೇಲಿನಿಂದ ನೋಡಿದರೆ ಎಂಥ ಕಣ್ಣಿಗೂ ಗೊತ್ತಾಗದ ಕೆಲಸ. ಮಗಳು ಮನೆಯಲ್ಲಿ ಹೊಟ್ಟೆ ತುಂಬ ತಿಂದು ಹೋಗಿ ನಿಂತಳು, ಹುಕ್ಕು ಸಲೀಸಾಗಿ ಕೂತಿತು. ಪಕ್ಕದಲ್ಲಿ ನಿಂತ ರೇಡಿಯೊಗೆ ಕೂರಲಿಲ್ಲ. ಮೇಡಂ ಎಲ್ಲರಿಗೂ ಕೇಳುವ ಹಾಗೆ, "ಮೂಟೆ ಹೊರೋರನ್ನ ಕರೀಬೇಕಷ್ಟೆ," ಎಂದರು. ಗ್ಯಾಲರಿ ನಕ್ಕಿತು. ಹನ್ನೊಂದೂ ಪಟ್ಟಿಗಳನ್ನು ಹೊಲಿದವಳು ಕೆಳಗೆ ಸೂಜಿದಾರ ಹಿಡಿದುಕೊಂಡು, ನನ್ನ ಮಗಳಂತೂ ಪಾರಾದಳು ಎಂದುಕೊಂಡು ನಿಂತಿದ್ದಳು. ಅಷ್ಟೇ ಅವಳ ಧೈರ್ಯ!

ಈಗ ರೇಡಿಯೊ ಹೋದ ವರ್ಷ ಕೇಳಿದ ಅಳತೆಗೆ ಸರಿಯಾಗಿ ಬಂದು ನಿಂತಿದ್ದಳು. ಈ ವರ್ಷದ ಲೆಕ್ಕಕ್ಕೆ ಅವಳಿಂದ ಇಪ್ಪತ್ತು ಬೇಕು.

ಮಾರನೆಯ ದಿನ ಶಾಲೆ ಬಿಟ್ಟ ಹೊತ್ತಿಗೆ ರೇಡಿಯೊ ಒಬ್ಬಳೇ ಟೈಲರಮ್ಮನ ಅಂಗಡಿಗೆ ಬಂದಳು. ಚಪ್ಪಲಿ ರಿಪೇರಿಯವನ ಗೂಡಿಗೂ ಝೆರಾಕ್ಸ್ ಅಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಅಂಗಡಿ. ಒಂದು ಹೊಲಿಗೆ ಮಷಿನ್ನು, ಅಂಚು ಹೊಲಿಯುವ ಒಂದು ಓವರ್‌ಲಾಕ್ ಮಷಿನ್ನು, ಇಸ್ತ್ರಿ ಮೇಜು ಇಟ್ಟರೆ ಗಿರಾಕಿ ನಿಲ್ಲುವುದಕ್ಕೆ ಎರಡು ಹೆಜ್ಜೆ ಜಾಗ. ಹುಡುಗಿ ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತಳು.

"ಒಳಗೆ ಬಾರೇ. ಏನು, ಅಮ್ಮ ಕಳಿಸಿದ್ರಾ?"

"ಇಲ್ಲ ಆಂಟಿ. ಅಮ್ಮಂಗೆ ಇವತ್ತು ರಾತ್ರಿ ಪಾಳಿ." ಬ್ಯಾಗಿನ ಪಟ್ಟಿ ತಿರುಚುತ್ತಾ ಕೇಳಿಯೇ ಬಿಟ್ಟಳು. "ಹೋದ ವರ್ಷ ಅವಳಿಗೆ ಕುಣಿಕೆ ಸರಿಸಿದ್ರಲ್ಲ, ನನಗೂ ಹಾಗೇ ಮಾಡ್ತೀರಾ?"

ಟೈಲರಮ್ಮನ ಕಾಲು ಮಷಿನ್ನಿನ ಪೆಡಲ್ಲಿನ ಮೇಲೆ ಹಾಗೇ ನಿಂತಿತು. "ಯಾರು ಹೇಳಿದ್ದು ನಿನಗೆ?"

"ಅವಳೇ. ಅವತ್ತೇ ಹೇಳಿದ್ಲು, ಅತ್ಕೊಂಡು. ನಾನು ಯಾರಿಗೂ ಹೇಳಿಲ್ಲ ಆಂಟಿ, ದೇವರಾಣೆ! ಹೇಳಿದ್ರೆ ಅವಳನ್ನೂ ತೆಗೆದುಬಿಡ್ತಾರೆ."

ಒಂದು ವರ್ಷ! ಒಂದಿಡೀ ವರ್ಷ ಈ ಮಗು ಗೆಳತಿಯ ನೀರಿನ ಬಾಟಲಿ ಹಿಡಿದುಕೊಂಡು, ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು, ಆ ಹೊಟ್ಟೆಗೆ ಏನೂ ಹಾಕದೆ ಓಡಾಡಿದೆ. ಟೈಲರಮ್ಮನಿಗೆ ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕು ಅನ್ನಿಸಿತು.

"ಮಧ್ಯಾಹ್ನ ಏನು ತಿಂದೆ?"

"ತಿಂದೆ."

"ಏನು ಅಂತ ಕೇಳಿದ್ದು."

"ಪೇಪರ್ ಕರವಸ್ತ್ರ ಬರುತ್ತಲ್ಲ, ಕೈ ಒರೆಸೋದು. ನೀರಲ್ಲಿ ನೆನೆಸಿ ನುಂಗಿದ್ರೆ ಹೊಟ್ಟೆ ತುಂಬಿದ ಹಾಗಿರುತ್ತೆ ಆಂಟಿ. ತೂಕ ಬರಲ್ಲ." ಏನೋ ಒಳ್ಳೆಯ ಉಪಾಯ ಕಲಿಸಿಕೊಡುವವಳ ಹಾಗೆ ಹೇಳಿದಳು.

ಟೈಲರಮ್ಮ ಡಬ್ಬಿಯಲ್ಲಿದ್ದ ಬಾಳೆಹಣ್ಣು ತೆಗೆದು ಅವಳ ಕೈಗೆ ತುರುಕಿದಳು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆಮೇಲೆ ತಿನ್ನುತ್ತೇನೆ ಎಂದು ಬ್ಯಾಗಿಗೆ ಹಾಕಿಕೊಂಡಳು. ಬೀದಿ ದಾಟಿ ಕಸದ ತೊಟ್ಟಿಯ ಹತ್ತಿರ ಅವಳು ನಿಂತದ್ದು ಅಂಗಡಿಯ ಒಳಗಿನಿಂದ ಕಂಡಿತು.

ಆ ವಾರ ಟೈಲರಮ್ಮ ಹಲ್ಲು ಕಚ್ಚಿಕೊಂಡು ಹೊಲಿದಳು. ಹನ್ನೊಂದು ಪಟ್ಟಿ, ಒಂದರಲ್ಲೂ ಒಂದು ದಾರದಷ್ಟೂ ಕಡಿಮೆ ಮಾಡಲಿಲ್ಲ. ಅವರವರ ಸೊಂಟದ ಅಳತೆ, ಅದರ ಮೇಲೆ ಅರ್ಧ ಇಂಚು ಸಡಿಲ. ಹುಕ್ಕು ಎಲ್ಲರಿಗೂ ಕೂರುತ್ತದೆ, ಮಕ್ಕಳು ಪಾರಾಗುತ್ತವೆ, ಮೇಡಂಗೂ ಗೊತ್ತಾಗುವುದಿಲ್ಲ, ತನ್ನ ಮಗಳ ಜಾಗಕ್ಕೂ ಕುತ್ತಿಲ್ಲ. ಯಾರ ಹತ್ತಿರವೂ ಬಾಯಿ ಬಿಡದೆ ಕೆಲಸ ಆಗಿಹೋಗುತ್ತದೆ ಎಂದು ಅವಳ ಲೆಕ್ಕಾಚಾರ. ರೇಡಿಯೊಗೆ ಮಾತ್ರ ಕಿವಿಯಲ್ಲಿ ಹೇಳಿದಳು. "ನಿನ್ನ ಹುಕ್ಕು ಕೂತೇ ಕೂರುತ್ತೆ. ನನ್ನ ಮೇಲೆ ಆಣೆ. ನೀನು ಊಟ ಮಾಡು." ಹುಡುಗಿ ತಲೆಯಾಡಿಸಿದಳು. ಊಟ ಮಾಡಲಿಲ್ಲ. ದೊಡ್ಡವರ ಆಣೆ ಎಷ್ಟು ಗಟ್ಟಿ ಎಂದು ಅವಳಿಗೆ ಅಷ್ಟೊತ್ತಿಗೆ ಗೊತ್ತಿತ್ತು.

ಹುಕ್ಕಿನ ದಿನ ಬಂತು. ಗ್ಯಾಲರಿ ತುಂಬಿತ್ತು. ಮುಂದಿನ ಬೆಂಚಿನಲ್ಲಿ ಸಣ್ಣ ಬ್ಯಾಚಿನ ಆರೇಳು ವರ್ಷದ ಪುಟಾಣಿಗಳನ್ನೂ ಕೂರಿಸಿದ್ದರು, ದೊಡ್ಡವರನ್ನು ನೋಡಿ ಕಲಿಯಲಿ ಎಂದು. ಟೈಲರಮ್ಮ ಸೂಜಿದಾರ ಹಿಡಿದು ಮೇಡಂ ಪಕ್ಕದಲ್ಲಿ ನಿಂತಳು. ಮೊದಲನೆಯವಳ ಹುಕ್ಕು ಕೂತಿತು. ಚಪ್ಪಾಳೆ. ಎರಡನೆಯವಳದು ಕೂತಿತು. ಅವಳ ಮಗಳದೂ ಕೂತಿತು. ಕೊನೆಗೆ ರೇಡಿಯೊ ಸರದಿ ಬಂದಾಗ ಹುಡುಗಿ ಕಣ್ಣು ಮುಚ್ಚಿ, ಉಸಿರು ಕಟ್ಟಿ, ಮರಗಟ್ಟಿ ನಿಂತಳು. ಆರು ವಾರದಲ್ಲಿ ಅವಳು ಇನ್ನೂ ಇಳಿದುಹೋಗಿದ್ದಳು. ಹುಕ್ಕು ಕೂತ ಮೇಲೂ ಪಟ್ಟಿಯೊಳಗೆ ಒಂದು ಅಂಗೈ ಹೋಗುವಷ್ಟು ಜಾಗವಿತ್ತು. ಅದನ್ನು ಮೇಡಂ ನೋಡಲಿಲ್ಲ, ಗ್ಯಾಲರಿಯೂ ನೋಡಲಿಲ್ಲ. ಎಲ್ಲರ ಕಣ್ಣೂ ಹುಕ್ಕಿನ ಮೇಲೆ.

"ಹನ್ನೊಂದಕ್ಕೆ ಹನ್ನೊಂದು!" ಮೇಡಂ ಗ್ಯಾಲರಿಯ ಕಡೆ ತಿರುಗಿ ಕೈ ಚಾಚಿದರು. "ನಾಲ್ಕು ವರ್ಷದಲ್ಲಿ ಇದೇ ಮೊದಲು. ನೋಡಿದ್ರಾ? ಶಿಸ್ತು ಅಂದ್ರೆ ಇದು. ಆಗಲ್ಲ ಅಂತಿದ್ರಲ್ಲ ಕೆಲವರು, ಈಗ ಹೇಗಾಯ್ತು? ಮುಂದಿನ ವರ್ಷ ಒಂದೂವರೆ ಸಾಲಲ್ಲ, ಎರಡಿಂಚು ಮಾಡೋಣ. ಆಮೇಲೆ ಈ ಸಣ್ಣ ಬ್ಯಾಚಿಗೂ ಇದೇ ತಿಂಗಳಿಂದ ಪಟ್ಟಿ ಶುರು. ಟೈಲರಮ್ಮ, ಇವರ ಅಳತೆ ಇವತ್ತೇ ತಗೊಂಡ್ಬಿಡಿ."

ಗ್ಯಾಲರಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬೆಂಚಿನ ಪುಟಾಣಿಗಳು ದೊಡ್ಡವರನ್ನು ನೋಡಿ ತಾವೂ ತಟ್ಟಿದವು. ಒಂದು ಮಗುವಿನ ಮುಂದಿನ ಹಲ್ಲು ಎರಡೂ ಬಿದ್ದಿದ್ದವು.

ಮಕ್ಕಳನ್ನು ಉಳಿಸಲು ಹೋಗಿ ಟೈಲರಮ್ಮ ಮೇಡಂ ಹೇಳಿದ್ದೇ ಸರಿ ಎಂದು ಹೊಲಿದು ತೋರಿಸಿಕೊಟ್ಟಂತಾಗಿತ್ತು. ಈಗಲೂ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಮಗಳ ಜಾಗ ಉಳಿಯುತ್ತಿತ್ತು. ಸಾಲಿನಲ್ಲಿ ನಿಂತ ಮಗಳ ಮುಖ ನೋಡಿದಳು, ರೇಡಿಯೊ ಮುಖ ನೋಡಿದಳು, ಸೂಜಿಯನ್ನು ಸೆರಗಿಗೆ ಚುಚ್ಚಿದಳು.

"ಮೇಡಂ, ಸ್ವಲ್ಪ ನಿಲ್ಲಿ. ನಾನು ಪಟ್ಟಿ ಕಡಿಮೆ ಮಾಡೇ ಇಲ್ಲ. ಅವರವರ ಅಳತೆಗೇ ಹೊಲಿದಿದೀನಿ. ಮೇಲೆ ಅರ್ಧ ಇಂಚು ಬಿಟ್ಟಿದೀನಿ."

ಚಪ್ಪಾಳೆ ಅಲ್ಲೊಂದು ಇಲ್ಲೊಂದು ಕೇಳಿಸಿ ನಿಂತುಹೋಯಿತು. ಮೇಡಂ ಮುಖ ಕೆಂಪಾಯಿತು. "ಏನಂದ್ರಿ?"

"ಕಿವಿ ಸರಿಯಾಗಿ ಕೇಳ್ಸುತ್ತಲ್ಲ ನಿಮಗೆ. ಯಾವ ಮಗೂನೂ ನಿಮ್ಮ ಪಟ್ಟಿಗೆ ಬಂದಿಲ್ಲ. ನಾನೇ ಪಟ್ಟೀನ ಮಕ್ಕಳ ಹತ್ರ ತಂದಿದೀನಿ."

"ಟೈಲರಮ್ಮ, ಮೊದಲು ಗ್ಯಾಲರಿಗೆ ಹೋಗಿ. ಪಾಲಕರು ಕೋಚ್ ತೀರ್ಮಾನ ಪ್ರಶ್ನೆ ಮಾಡೋ ಹಾಗಿಲ್ಲ. ರುಜು ಹಾಕಿದೀರ."

"ಹಾಕಿದೀನಿ, ಹೊಟ್ಟೆಗೆ ಏನು ತಿಂತಿದ್ನೋ ಅವತ್ತು! ನಮಗೆ ಒಂಬತ್ತು ನಿಯಮ ಬರೆದು ಗಾಜು ಹಾಕಿಸಿದೀರಲ್ಲ, ನಿಮಗೆ ಎಲ್ಲಿದೆ ಮೇಡಂ? ಮಗೂನ ಮೂಟೆ ಅನ್ನಬಾರ್ದು, ಹಸಿದ ಮಗೂನ ಬಾರ್ ಹತ್ತಿಸಬಾರ್ದು, ನೋವು ಅಂದ್ರೆ ಕೂರಿಸಬೇಕು ಅಂತ ಒಂದು ಸಾಲು, ಒಂದೇ ಒಂದು ಸಾಲು ಈ ಕಟ್ಟಡದಲ್ಲಿ ಎಲ್ಲಾದ್ರೂ ಬರೆದಿದೀರಾ? ಕೈಬಿಟ್ಟು ಬಿದ್ರೆ ಹಿಡಿಯೋಕೆ ನೀವಿದೀರ ಅಂತ ನಂಬಿ ತಾನೆ ಮಕ್ಕಳು ಅಷ್ಟು ಎತ್ತರ ಹತ್ತೋದು?"

ಮುಂದಿನ ಸಾಲಿನಲ್ಲಿ ಕೂತಿದ್ದ ವಕೀಲಪ್ಪ ಎದ್ದ. ಮನೆಗೆ ಹಾಲು ನಿಲ್ಲಿಸಿದ್ದ ಮಹಾನುಭಾವ ಇವನೇ. "ಏನ್ರೀ ಇದು, ಸ್ಪರ್ಧೆಗೆ ಹದಿನಾಲ್ಕು ದಿನ ಇರುವಾಗ! ನಮ್ಮ ಮಕ್ಕಳ ಭವಿಷ್ಯದ ಜೊತೆ ಆಟ ಆಡ್ತೀರಾ?"

"ಕೂತ್ಕೊಳ್ಳಿ ವಕೀಲ್ರೇ. ನಿಮ್ಮ ಮಗಳು ಬೀಮಿನಿಂದ ಇಳಿದ ಮೇಲೆ ಗೋಡೆ ಹಿಡ್ಕೊಂಡು ನಡೀತಾಳೆ, ನೋಡಿದೀರಾ ಯಾವತ್ತಾದ್ರೂ? ಇಲ್ಲ. ನೀವು ನೋಡೋದು ಮೊಬೈಲಲ್ಲಿ ಫೋಟೊ ಚೆನ್ನಾಗಿ ಬಂತಾ ಅಂತ."

"ನಿಮ್ಮ ಮಗಳ ಬ್ಯಾಗು ತಗೊಂಡು ಹೊರಡಿ," ಎಂದರು ಮೇಡಂ. ದನಿ ಏರಿಸಲಿಲ್ಲ. "ಅವಳು ಇನ್ನು ಈ ತಂಡದಲ್ಲಿ ಇಲ್ಲ. ಹೋದ ವರ್ಷ ಅವಳ ಹುಕ್ಕು ಕೂತಾಗ ಇದೇ ಪದ್ಧತಿ ನಿಮಗೆ ಸಿಹಿಯಾಗಿತ್ತು."

"ಹೋದ ವರ್ಷವೂ ಕೂತಿರಲಿಲ್ಲ. ಕುಣಿಕೆ ಸರಿಸಿ ಹೊಲಿದಿದ್ದೆ, ಅವಳೊಬ್ಬಳಿಗೇ. ಮಿಕ್ಕ ಹತ್ತು ಮಕ್ಕಳ ವಿಷಯ ನನಗ್ಯಾಕೆ ಅಂತ ಸುಮ್ಮನಿದ್ದೆ. ನಾನು ಕಳ್ಳಿ. ಬೇಕಾದ್ರೆ ಹಾಗೇ ಬರೆದು ಗೋಡೆಗೆ ಹಾಕಿ. ಆದ್ರೆ ಈ ಪುಟಾಣಿಗಳಿಗೆ ನಾನು ಟೇಪು ಹಿಡಿಯಲ್ಲ."

ಗ್ಯಾಲರಿಯಲ್ಲಿ ಗದ್ದಲ ಎದ್ದಿತು. ಆ ಗದ್ದಲದಲ್ಲಿ ಒಬ್ಬಳು ಮೆಟ್ಟಿಲಿಳಿದು ಬಂದಳು. ನರ್ಸಮ್ಮ. ಆಸ್ಪತ್ರೆಯಿಂದ ನೇರವಾಗಿ ಬಂದವಳು ಬಿಳಿ ಕೋಟನ್ನೂ ಬಿಚ್ಚಿರಲಿಲ್ಲ. ಹೊಡೆಯುತ್ತಾಳೆ ಎಂದೇ ಎಲ್ಲರೂ ಅಂದುಕೊಂಡರು. ಟೈಲರಮ್ಮನೂ ಹೊಡೆಯಲಿ ಎಂದೇ ನಿಂತಳು.

"ನನ್ನ ಮಗಳದು ಎಷ್ಟು?" ನರ್ಸಮ್ಮ ಕೇಳಿದಳು.

"ಹೋದ ವರ್ಷ ಇಪ್ಪತ್ತಮೂರು. ಈ ವರ್ಷ ಆರು ವಾರದ ಹಿಂದೆ ಇಪ್ಪತ್ತೊಂದೂವರೆ. ಈಗ ಅದೂ ಇಲ್ಲ. ಎತ್ತರ ಎರಡು ಇಂಚು ಜಾಸ್ತಿ." ಟೈಲರಮ್ಮ ತಡೆದು, ಹೇಳಲೇಬೇಕೆಂದು ಹೇಳಿದಳು. "ಮಧ್ಯಾಹ್ನ ಪೇಪರ್ ನೆನೆಸಿ ನುಂಗ್ತಾಳೆ ನರ್ಸಮ್ಮ."

ವಾರ್ಡಿನಲ್ಲಿ ದಿನಕ್ಕೆ ನಲವತ್ತು ರೋಗಿಗಳ ತೂಕ ಬರೆದುಕೊಳ್ಳುವ ಹೆಂಗಸು. ತಿನ್ನಲೊಲ್ಲದವರಿಗೆ ಗದರಿಸಿ, ಮುದ್ದು ಮಾಡಿ ತುತ್ತು ಇಡುವವಳು. ಇಪ್ಪತ್ತಮೂರು, ಇಪ್ಪತ್ತೊಂದೂವರೆ ಎಂದರೆ ಏನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಈ ಪಟ್ಟಿ ಮಕ್ಕಳಿಗೆ ಬರೋದಲ್ಲ ಅಂತ ಒಂದು ವರ್ಷದಿಂದ ನಿಮಗೆ ಗೊತ್ತಿತ್ತು," ಎಂದಳು.

"ಗೊತ್ತಿತ್ತು."

"ನಿಮ್ಮನ್ನ ಬೈಯೋಕೆ ನನಗೆ ಯಾವ ಮುಖ ಇದೆ ಟೈಲರಮ್ಮ? ನಾನು ರಾತ್ರಿ ಪಾಳಿಗೆ ಹೋಗುವಾಗ ಅಡುಗೆಮನೆಗೆ ಬೀಗ ಹಾಕಿ ಹೋಗ್ತಿದ್ದೆ. ಮಗಳು ಕದ್ದು ತಿಂದುಬಿಟ್ರೆ ಅಂತ." ಅವಳು ಮೇಡಂ ಕಡೆ ತಿರುಗಿದಳು. "ನೀವು ಹೇಳಿದ್ರಿ ಅಂತ. ಏನೋ ಕಲಿತೋರು ಹೇಳ್ತಿದಾರೆ ಅಂತ. ಥೂ ನನ್ನ ಓದಿಗಿಷ್ಟು!"

ಮೇಡಂ ಏನೋ ಹೇಳಲು ಬಾಯಿ ತೆರೆದರು. ನರ್ಸಮ್ಮ ಅದಕ್ಕೆ ನಿಲ್ಲಲಿಲ್ಲ. ಮೆಟ್ಟಿಲ ಮೇಲಿಂದ ಇನ್ನೂ ಮೂವರು ಇಳಿದು ಬಂದು ತಮ್ಮ ಮಕ್ಕಳ ಕೈ ಹಿಡಿದರು. ಮೂವರೇ! ಮಿಕ್ಕವರು ಗ್ಯಾಲರಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಹೊರಟು ನಿಂತ ಐವರ ಜಾಗ ಖಾಲಿಯಾಯಿತಲ್ಲ, ಇನ್ನು ತಮ್ಮವಳ ಜಾಗ ಗಟ್ಟಿ ಎಂಬ ಲೆಕ್ಕ ಕೆಲವರ ಕಣ್ಣಲ್ಲಿ ಆಗಲೇ ಓಡುತ್ತಿತ್ತು. ಇಂಥವರಿಗೆ ಯಾವ ಬೋರ್ಡು ಬರೆಸಿ ಏನು ಉಪಯೋಗ?

ಟೈಲರಮ್ಮನ ಮಗಳು ತಾನೇ ಬ್ಯಾಗು ತೆಗೆದುಕೊಂಡು ಬಂದು ಅಮ್ಮನ ಪಕ್ಕ ನಿಂತಳು. ಅಳುತ್ತಿದ್ದಳು, ಆದರೆ ಹೋಗೋಣ ಎಂದು ಅವಳೇ ಮೊದಲು ಹೇಳಿದಳು.

ನರ್ಸಮ್ಮ ಮಗಳ ಹಿಂದೆ ಮಂಡಿಯೂರಿದಳು. "ಬಾ ಕಂದ, ಇದನ್ನ ಬಿಚ್ಚಿ ಮನೆಗೆ ಹೋಗಿ ಊಟ ಮಾಡೋಣ. ಎಲ್ಲ ಮುಗೀತು," ಎಂದು ಪಟ್ಟಿಗೆ ಕೈ ಹಾಕಿದಳು.

ರೇಡಿಯೊ ಚಿಟ್ಟನೆ ಚೀರಿ ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದು ಹುಕ್ಕನ್ನು ಮುಚ್ಚಿಕೊಂಡಳು.

"ಬಿಚ್ಚಬೇಡಮ್ಮ! ಬಿಚ್ಚಿದ್ರೆ ಮತ್ತೆ ಕೂರಲ್ಲ!"

"ಕೂರೋದು ಬೇಡ ಕಣೇ. ನೋಡು, ನನ್ನ ಕೈಯೇ ಒಳಗೆ ಹೋಗ್ತಿದೆ, ಎಷ್ಟು ಸಡಿಲ ಇದೆ ನೋಡು."

"ಸುಳ್ಳು. ನೀನು ಸುಳ್ಳು ಹೇಳ್ತೀಯ. ಬಿಗಿ ಇದೆ."

ಯಾರು ಏನು ಹೇಳಿದರೂ ಕೈ ತೆಗೆಯಲಿಲ್ಲ. ಉಡುಪಿನ ಮೇಲೆಯೇ ಅಮ್ಮನ ಬಿಳಿ ಕೋಟು ಹೊದಿಸಿ ಹೊರಗೆ ಕರೆದುಕೊಂಡು ಹೋಗಬೇಕಾಯಿತು. ಮೆಟ್ಟಿಲಿಳಿದು, ಬೀದಿ ದಾಟಿ, ಬಸ್ ನಿಲ್ದಾಣದವರೆಗೂ ಹುಡುಗಿ ಕೋಟಿನೊಳಗೆ ಬೆನ್ನ ಹಿಂದೆ ಎರಡೂ ಕೈ ಕಟ್ಟಿಕೊಂಡು, ಹೊಟ್ಟೆಯನ್ನು ಒಳಗೆಳೆದುಕೊಂಡೇ ನಡೆದಳು.